ತಿಂಗಳಿಗೆ ಸಾವಿರ ರೂಪಾಯಿ, ರಾತ್ರಿಯಿಡೀ ಎಚ್ಚರ: ಎಂಎಸ್ ಇರುವವರ ಬಾಳಸಂಗಾತಿಗೆ ಬೇಕಿರುವುದೇನು?

2024ರ ಫೆಬ್ರುವರಿ 16ರಂದು ಮಂಡನೆಯಾದ ಕರ್ನಾಟಕದ ಬಜೆಟ್‌ನಲ್ಲಿ ಜಾಸ್ತಿ ಚರ್ಚೆಯಾಗದ ಒಂದು ಘೋಷಣೆ ಇತ್ತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಸರ್ಕಾರ ಹೇಳಿತು. ರೋಗಿಗೆ ಪಿಂಚಣಿ ಕೊಡುವುದು ನಮಗೆ ಗೊತ್ತಿರುವ ವಿಷಯ. ನೋಡಿಕೊಳ್ಳುವವರಿಗೂ ಹಣ ಎಂಬುದು ಹೊಸದು.

ಹೊಸದಾದ್ದರಿಂದಲೇ ಗೊಂದಲವೂ ಇದೆ. ಹೆಂಡತಿಯನ್ನು ಗಂಡ ನೋಡಿಕೊಂಡರೆ ಅವನು 'ಆರೈಕೆದಾರ' ಆಗುತ್ತಾನಾ? ಇದು ಅಂಗವಿಕಲರ ಪಿಂಚಣಿಯ ಜೊತೆಗೆ ಸಿಗುವ ಹಣವಾ, ಅದರ ಬದಲಿಗೆ ಸಿಗುವುದಾ? ಎಂಎಸ್ ಇರುವವರು ಓಡಾಡಿಕೊಂಡೇ ಇರುತ್ತಾರಲ್ಲ, ಅವರಿಗೆ ಆರೈಕೆದಾರರು ಯಾಕೆ ಬೇಕು? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ಉತ್ತರ ಸಿಕ್ಕರೆ ಉಳಿದ ಗೊಂದಲ ಬಿಡಿಸುವುದು ಸುಲಭ.

ಯಾವಾಗ ಏನು ಎಂದು ಹೇಳಲಾಗದ ಕಾಯಿಲೆ

ನಮ್ಮ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಮಿದುಳಿನಿಂದ ಹೊರಟ ಸೂಚನೆ ಕೈಕಾಲಿಗೆ ಬೇಗ ತಲುಪುವುದು ಈ ಹೊದಿಕೆಯಿಂದ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ದಾಳಿ ಎಲ್ಲಿ ನಡೆಯಿತು ಎಂಬುದರ ಮೇಲೆ ತೊಂದರೆ ಬೇರೆಬೇರೆ. ಒಬ್ಬರಿಗೆ ಒಂದು ಕಣ್ಣು ಮಂಜಾಗುತ್ತದೆ. ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ. ಮತ್ತೊಬ್ಬರಿಗೆ ಮೂತ್ರದ ಮೇಲೆ ಹಿಡಿತ ತಪ್ಪುತ್ತದೆ.

ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಜಾಸ್ತಿ. ಅಂದರೆ ಮದುವೆಯಾಗಿ ಕೆಲವೇ ವರ್ಷ ಆಗಿರುವ, ಮಕ್ಕಳು ಚಿಕ್ಕವರಿರುವ, ಮನೆ ಸಾಲದ ಕಂತು ಈಗಷ್ಟೇ ಶುರುವಾಗಿರುವ ಕಾಲ. ಅಪ್ಪ ಅಮ್ಮನಿಗೆ ಪಾರ್ಕಿನ್ಸನ್ ಬಂದಾಗ ಮಕ್ಕಳು, ಸೊಸೆ, ಅಳಿಯ ಎಂದು ನಾಲ್ಕು ಕೈ ಸೇರಬಹುದು. ಎಂಎಸ್ ಬರುವ ವಯಸ್ಸಿನಲ್ಲಿ ಪಕ್ಕದಲ್ಲಿ ಇರುವುದು ಮುಖ್ಯವಾಗಿ ಬಾಳಸಂಗಾತಿ ಒಬ್ಬರೇ. ಅವರೂ ದುಡಿಯುವ ವಯಸ್ಸಿನವರು.

ಸುಮಾರು 85 ಪರ್ಸೆಂಟ್ ಜನರಲ್ಲಿ ಕಾಯಿಲೆ ಬಂದು ಹೋಗುವ ರೀತಿಯಲ್ಲಿ ಶುರುವಾಗುತ್ತದೆ. ಇದ್ದಕ್ಕಿದ್ದ ಹಾಗೆ ತೊಂದರೆ ಕಾಣಿಸಿಕೊಳ್ಳುತ್ತದೆ. ಡಾಕ್ಟರು ಮೂರರಿಂದ ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ. ವಾರಗಳಲ್ಲಿ ಪೂರ್ತಿಯೋ ಅರ್ಧವೋ ಸರಿಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಇಲ್ಲ. ಮತ್ತೆ ಯಾವಾಗ? ಯಾರೂ ಹೇಳಲಾರರು. ಈಗಿರುವ ಔಷಧಿಗಳು ದಾಳಿಯ ಸಂಖ್ಯೆ ಕಡಿಮೆ ಮಾಡುತ್ತವೆ, ಕಾಯಿಲೆ ಮುಂದುವರಿಯುವುದನ್ನು ನಿಧಾನಗೊಳಿಸುತ್ತವೆ. ಪೂರ್ತಿ ಗುಣ ಮಾಡುವ ಔಷಧಿ ಇನ್ನೂ ಬಂದಿಲ್ಲ.

ಹೊರೆಯ ಮೊದಲ ಕಾರಣ ಇಲ್ಲೇ ಇದೆ. ಕಾಲು ಮುರಿದವರನ್ನು ನೋಡಿಕೊಳ್ಳುವಾಗ ಆರು ವಾರ ಎಂಬ ಲೆಕ್ಕ ಇರುತ್ತದೆ. ಇಲ್ಲಿ ಲೆಕ್ಕ ಸಿಗುವುದಿಲ್ಲ. ಮುಂದಿನ ತಿಂಗಳ ತಂಗಿಯ ಮದುವೆಗೆ ಹೋಗಬಹುದಾ, ಮೈಸೂರಿಗೆ ಟ್ರಾನ್ಸ್‌ಫರ್ ಒಪ್ಪಿಕೊಳ್ಳಬಹುದಾ, ಎರಡನೇ ಮಗು ಮಾಡಿಕೊಳ್ಳಬಹುದಾ ಎಂಬ ಯಾವ ಪ್ರಶ್ನೆಗೂ ಖಚಿತ ಉತ್ತರ ಇಲ್ಲ. ಕೆಲಸವೇ ಇಲ್ಲದ ದಿನವೂ ಸಂಗಾತಿಯ ಮನಸ್ಸು ಕಾವಲು ಕಾಯುತ್ತಲೇ ಇರುತ್ತದೆ. ಕೈಯಲ್ಲಿನ ಕಪ್ ಜಾರಿ ಬಿದ್ದರೂ ಎದೆ ಧಸಕ್ಕೆನ್ನುತ್ತದೆ.

ಹೊರಗಿನವರಿಗೆ ಕಾಣದ ಭಾಗ

ಎಂಎಸ್ ಅಂದಾಕ್ಷಣ ವೀಲ್‌ಚೇರ್ ಕಣ್ಣಮುಂದೆ ಬರುತ್ತದೆ. ಆದರೆ ವೀಲ್‌ಚೇರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಮನೆಯೊಳಗಿನ ಕೆಲಸ ಶುರುವಾಗಿರುತ್ತದೆ. ಬಹಳ ಜನಕ್ಕೆ ಅದು ಬರುವುದೂ ಇಲ್ಲ.

ಸುಸ್ತಿನ ವಿಷಯವನ್ನೇ ನೋಡಿ. ಎಂಎಸ್ ಇರುವ ಹೆಚ್ಚಿನವರಿಗೆ ಇದೇ ದೊಡ್ಡ ತೊಂದರೆ. ಇದು ದುಡಿದು ದಣಿದ ಸುಸ್ತಲ್ಲ, ನಿದ್ದೆ ಮಾಡಿದರೆ ಹೋಗುವುದೂ ಅಲ್ಲ. ಬೆಳಗ್ಗೆ ಸ್ನಾನ ಮುಗಿಸುವಷ್ಟರಲ್ಲಿ ದಿನದ ಶಕ್ತಿಯೆಲ್ಲ ಖಾಲಿ. ನೋಡುವವರಿಗೆ ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ. ಹಾಗಾಗಿ ಅತ್ತೆಯ ಕಣ್ಣಿಗೆ ಸೊಸೆ ಸೋಮಾರಿ. ಆಫೀಸಿನ ಕಣ್ಣಿಗೆ ಅವನು ಕೆಲಸಗಳ್ಳ. ಈ ಮಾತುಗಳಿಗೆಲ್ಲ ಉತ್ತರ ಕೊಡುವ ಹೊಣೆ ಬೀಳುವುದು ಸಂಗಾತಿಯ ಮೇಲೆ. ಕೆಲವೊಮ್ಮೆ ಸಂಗಾತಿಗೇ ಅನುಮಾನ ಬರುತ್ತದೆ: 'ನಿಜಕ್ಕೂ ಆಗ್ತಾ ಇಲ್ವಾ, ಸುಮ್ನೆ ಮಲಗಿದ್ದಾಳಾ?' ಆಮೇಲೆ ಹಾಗೆ ಅಂದುಕೊಂಡಿದ್ದಕ್ಕೇ ಬೇಸರ. ಈ ಅನುಮಾನ ಮತ್ತು ಅಪರಾಧ ಭಾವನೆಯ ಸುತ್ತಾಟ ಮನೆಗೆಲಸಕ್ಕಿಂತ ಜಾಸ್ತಿ ದಣಿಸುತ್ತದೆ.

ಬಿಸಿಲು ಇನ್ನೊಂದು. ದೇಹದ ಬಿಸಿ ಸ್ವಲ್ಪ ಏರಿದರೂ ಹಾನಿಯಾದ ನರಗಳಲ್ಲಿ ಸೂಚನೆ ಸಾಗುವುದು ಕಷ್ಟವಾಗುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಎಳೆಯುತ್ತದೆ. ದೇಹ ತಣ್ಣಗಾದರೆ ಮತ್ತೆ ಸರಿ. ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಕರೆಂಟ್ ಹೋದ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಒದ್ದೆ ಬಟ್ಟೆ ಹಾಕುವುದು, ಬೀಸಣಿಗೆ ಬೀಸುವುದು, ಮಾರ್ಚ್‌ನಿಂದ ಮೇ ತನಕ ಹೊರಗಿನ ಕೆಲಸವನ್ನೆಲ್ಲ ತಾನೇ ಮಾಡುವುದು. ಇವ್ಯಾವುದೂ 'ಆರೈಕೆ' ಎಂಬ ಲೆಕ್ಕಕ್ಕೆ ಬರುವುದಿಲ್ಲ.

ರಾತ್ರಿಯದು ಬೇರೆಯೇ ಕಥೆ. ಮೂತ್ರಕೋಶದ ತೊಂದರೆ ಎಂಎಸ್‌ನಲ್ಲಿ ತುಂಬಾ ಸಾಮಾನ್ಯ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಕತ್ತಲಲ್ಲಿ ಬಿದ್ದರೆ ಮೂಳೆ ಮುರಿಯಬಹುದು ಎಂಬ ಹೆದರಿಕೆಯಿಂದ ಸಂಗಾತಿಯೂ ಎದ್ದು ಜೊತೆಗೆ ಹೋಗುತ್ತಾರೆ. ಕಾಲಿನ ಸ್ನಾಯು ಸೆಟೆದುಕೊಂಡರೆ ತಿಕ್ಕಬೇಕು. ಬೆಳಗ್ಗೆ ಒಬ್ಬರಿಗೆ ಮಲಗಿರಲು ಡಾಕ್ಟರ ಚೀಟಿ ಇದೆ. ಇನ್ನೊಬ್ಬರು ಏಳು ಗಂಟೆಗೆ ಮಕ್ಕಳ ಟಿಫಿನ್ ಕಟ್ಟಬೇಕು. ನಿದ್ದೆ ಕಡಿಮೆಯಾದರೆ ತಾಳ್ಮೆ ಕಡಿಮೆಯಾಗುತ್ತದೆ. ತಾಳ್ಮೆ ಹೋದಲ್ಲಿ ಮಾತು ಬಿರುಸಾಗುತ್ತದೆ. ಇದು ಪ್ರೀತಿ ಕಡಿಮೆಯಾದ ಲಕ್ಷಣ ಅಲ್ಲ, ನಿದ್ದೆ ಕೆಟ್ಟ ದೇಹದ ಲಕ್ಷಣ.

ಎಂಎಸ್ ಮಿದುಳಿನ ಕಾಯಿಲೆಯೂ ಹೌದು ಎಂಬುದನ್ನು ಕುಟುಂಬಗಳಿಗೆ ಸರಿಯಾಗಿ ಹೇಳುವವರು ಕಡಿಮೆ. ಅರ್ಧದಷ್ಟು ಜನರಲ್ಲಿ ಯೋಚನೆಯ ವೇಗ, ನೆನಪು, ಗಮನ ಸ್ವಲ್ಪವಾದರೂ ಕುಗ್ಗುತ್ತದೆ. ಖಿನ್ನತೆ ಸಾಮಾನ್ಯರಿಗಿಂತ ಹೆಚ್ಚು ಕಾಡುತ್ತದೆ. ನಿನ್ನೆ ಹೇಳಿದ್ದನ್ನು ಇವತ್ತು ಮರೆತರೆ, ಕರೆಂಟ್ ಬಿಲ್ ಕಟ್ಟದೆ ಬಿಟ್ಟರೆ, ಸಣ್ಣ ಮಾತಿಗೆ ಸಿಟ್ಟಾದರೆ ಸಂಗಾತಿಗೆ ಅದು ಅಲಕ್ಷ್ಯ ಎನಿಸುತ್ತದೆ. ಗುಣ ಬದಲಾಯಿತು ಎನ್ನುತ್ತಾರೆ. ಬದಲಾದದ್ದು ನರ ಎಂದು ಗೊತ್ತಾದರೆ ಜಗಳದ ರೀತಿಯೇ ಬದಲಾಗುತ್ತದೆ. ಇದನ್ನು ನರರೋಗ ತಜ್ಞರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹತ್ತು ನಿಮಿಷ ಹೇಳಿದರೆ ಸಾಕು. ಹೊರಗೆ ಐವತ್ತು ರೋಗಿಗಳು ಕಾಯುತ್ತಿರುವ ಒಪಿಡಿಯಲ್ಲಿ ಆ ಹತ್ತು ನಿಮಿಷವೇ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಂಎಸ್ ದಾಂಪತ್ಯದ ದೈಹಿಕ ಸಂಬಂಧವನ್ನೂ ಮುಟ್ಟುತ್ತದೆ. ಸ್ಪರ್ಶ ಮಂದವಾಗುತ್ತದೆ, ಸುಸ್ತು ಅಡ್ಡ ಬರುತ್ತದೆ, ಕೆಲವು ಔಷಧಿಗಳೂ ಕಾರಣವಾಗುತ್ತವೆ. ಜೊತೆಗೆ, ಸಂಜೆ ಡೈಪರ್ ಬದಲಿಸಿದ ಕೈಗೆ ರಾತ್ರಿ ಮತ್ತೆ ಹೆಂಡತಿಯ ಕೈಯಾಗುವುದು ಸುಲಭವಲ್ಲ. ಇದಕ್ಕೆ ಸಲಹೆಯೂ ಇದೆ, ಚಿಕಿತ್ಸೆಯೂ ಇದೆ. ಡಾಕ್ಟರು ಕೇಳುವುದಿಲ್ಲ, ದಂಪತಿ ಹೇಳುವುದಿಲ್ಲ.

ಗಂಡ ನೋಡಿಕೊಂಡರೆ, ಹೆಂಡತಿ ನೋಡಿಕೊಂಡರೆ

ಹೊರೆ ಇಬ್ಬರಿಗೂ ಒಂದೇ ಅಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಗಂಭೀರ ಕಾಯಿಲೆಯ 515 ಮಂದಿಯನ್ನು ಗಮನಿಸಿತು. ಅವರಲ್ಲಿ ಮಿದುಳಿನ ಗೆಡ್ಡೆ ಇರುವವರು, ಬೇರೆ ಕ್ಯಾನ್ಸರ್ ಇರುವವರು ಮತ್ತು ಎಂಎಸ್ ಇರುವವರು ಸೇರಿದ್ದರು. ರೋಗಿ ಹೆಂಗಸಾಗಿದ್ದಾಗ ಮದುವೆ ಮುರಿದದ್ದು 20.8 ಪರ್ಸೆಂಟ್. ರೋಗಿ ಗಂಡಸಾಗಿದ್ದಾಗ 2.9 ಪರ್ಸೆಂಟ್. ಆ ಅಧ್ಯಯನದಲ್ಲಿ ಎಂಎಸ್ ಇದ್ದವರು ನೂರಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ, ಅದೂ ಬೇರೆ ದೇಶದ್ದು. ಆ ಸಂಖ್ಯೆಯನ್ನು ಹಾಗೇ ತಂದು ನಮ್ಮ ಊರಿಗೆ ಅಂಟಿಸುವುದು ಸರಿಯಲ್ಲ.

ಇಲ್ಲಿ ಡಿವೋರ್ಸ್ ಲೆಕ್ಕದಿಂದ ಏನೂ ಗೊತ್ತಾಗುವುದೂ ಇಲ್ಲ. ನಮ್ಮಲ್ಲಿ ಸಂಬಂಧ ಮುರಿಯುವುದು ಕೋರ್ಟಿನಲ್ಲಿ ಅಲ್ಲ, ಬಸ್ ಸ್ಟ್ಯಾಂಡಿನಲ್ಲಿ. 'ಸ್ವಲ್ಪ ದಿನ ತವರಿನಲ್ಲಿ ಇದ್ದು ಆರಾಮ ಮಾಡಿಕೋ' ಎಂದು ಕಳಿಸುತ್ತಾರೆ. ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ. ಆಗ ನೋಡಿಕೊಳ್ಳುವ ಹೊಣೆ 65 ದಾಟಿದ ಅಮ್ಮನದು. ಕಾಗದದಲ್ಲಿ ಮದುವೆ ಇನ್ನೂ ಇದೆ. ಎಂಎಸ್ ಹೆಂಗಸರಲ್ಲೇ ಹೆಚ್ಚು ಎಂಬುದನ್ನು ಇದರ ಜೊತೆ ಇಟ್ಟು ನೋಡಿದರೆ ಸಮಸ್ಯೆಯ ಆಳ ಗೊತ್ತಾಗುತ್ತದೆ.

ಹಾಗಂತ ಗಂಡಂದಿರೆಲ್ಲ ಬಿಟ್ಟು ಹೋಗುತ್ತಾರೆ ಎಂದಲ್ಲ. ವರ್ಷಗಟ್ಟಲೆ ಹೆಂಡತಿಗೆ ಇಂಜೆಕ್ಷನ್ ಕೊಟ್ಟು, ಜಡೆ ಹೆಣೆದು, ಅಡುಗೆ ಮಾಡುವ ಗಂಡಂದಿರು ಇದ್ದಾರೆ. ಅವರ ಕಷ್ಟ ಬೇರೆ ತರಹದ್ದು. ಈ ಕೆಲಸವನ್ನು ಅವರಿಗೆ ಯಾರೂ ಕಲಿಸಿಲ್ಲ. ಊರಿನವರು ಒಂದು ಕಡೆ ದೇವರಂಥ ಗಂಡ ಎನ್ನುತ್ತಾರೆ, ಇನ್ನೊಂದು ಕಡೆ ಮತ್ತೊಂದು ಮದುವೆ ಆಗಬಾರದಾ ಎಂದು ಕೇಳುತ್ತಾರೆ. ಆಫೀಸಿನಲ್ಲಿ 'ಹೆಂಡತಿಗೆ ಹುಷಾರಿಲ್ಲ' ಎಂದು ಎಷ್ಟು ಸಲ ರಜೆ ಕೇಳಲು ಸಾಧ್ಯ?

ಹೆಂಡತಿ ನೋಡಿಕೊಳ್ಳುವ ಮನೆಯಲ್ಲಿ ಅದು ಕೆಲಸ ಎಂದೇ ಯಾರಿಗೂ ಅನಿಸುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ 41 ಪರ್ಸೆಂಟ್ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ 21.4 ಪರ್ಸೆಂಟ್, 74 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ. ಗಂಡನಿಗೆ ಎಂಎಸ್ ಬಂದಾಗ ಹೆಂಡತಿಯ ಹೊಸ ಕೆಲಸ ಈಗಾಗಲೇ ಇರುವ ಈ ರಾಶಿಯ ಮೇಲೆ ಬೀಳುತ್ತದೆ. ಗಂಡನ ಸಂಬಳ ನಿಂತಿದ್ದರೆ ದುಡಿಯಲು ಹೊರಗೆ ಹೋಗುವವಳೂ ಅವಳೇ.

ಕಾನೂನು ಏನು ಕೊಟ್ಟಿದೆ?

ಈಗ ಗೊಂದಲಗಳಿಗೆ ಬರೋಣ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. ಎಂಎಸ್ ಹೆಸರು ಅದರಲ್ಲಿ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ದೀರ್ಘಕಾಲದ ನರರೋಗಗಳು ಎಂಬ ಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಸೇರಿತು. ಅದೇ ಕಾಯ್ದೆ ಆರೈಕೆದಾರರು ಯಾರು ಎಂಬುದನ್ನೂ ಹೇಳಿದೆ: ಹಣ ಪಡೆದೋ ಪಡೆಯದೆಯೋ ಅಂಗವಿಕಲರಿಗೆ ಆರೈಕೆ, ಬೆಂಬಲ, ನೆರವು ಕೊಡುವ ಯಾರಾದರೂ ಸರಿ, ತಂದೆ ತಾಯಿ ಮತ್ತು ಕುಟುಂಬದ ಇತರರೂ ಸೇರಿ. ಹಾಗಾಗಿ ಗಂಡನೂ ಆರೈಕೆದಾರ, ಹೆಂಡತಿಯೂ ಆರೈಕೆದಾರಳು. ಮೊದಲ ಪ್ರಶ್ನೆಗೆ ಉತ್ತರ ಹೌದು.

ಪಿಂಚಣಿ ಮತ್ತು ಈ ಹಣ ಒಂದೇ ಅಲ್ಲ. ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನ 40ರಿಂದ 75 ಪರ್ಸೆಂಟ್ ಅಂಗವೈಕಲ್ಯ ಇದ್ದರೆ 800 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ 1,400 ರೂಪಾಯಿ. ಅದು ಕಾಯಿಲೆ ಇರುವವರ ಹೆಸರಿಗೆ. ಬಜೆಟ್‌ನಲ್ಲಿ ಹೇಳಿದ 1,000 ರೂಪಾಯಿ ನೋಡಿಕೊಳ್ಳುವವರಿಗಾಗಿ ಇರುವ ಬೇರೆ ಹಣ.

ಇನ್ನೊಂದು ಗೊಂದಲ ಕೇಂದ್ರದ ಈ 2016ರ ಕಾಯ್ದೆಯಿಂದಲೇ ಬಂದಿದೆ. 24ನೇ ಸೆಕ್ಷನ್ ಆರೈಕೆ ಭತ್ಯೆಯ ಯೋಜನೆ ಮಾಡಬೇಕು ಎನ್ನುತ್ತದೆ. ಆದರೆ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತೂ ಅಲ್ಲೇ ಇದೆ. ಆದ್ದರಿಂದ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂಬ ಯೋಜನೆ ಇದೆ, ತಿಂಗಳಿಗೆ 600 ರೂಪಾಯಿ. ಕೆಲವು ರಾಜ್ಯಗಳಲ್ಲಿ ನೋಡಿಕೊಳ್ಳುವವರ ಹೆಸರಿನಲ್ಲಿ ಏನೂ ಇಲ್ಲ.

ಸಂಗಾತಿಗೆ ಸ್ವಲ್ಪ ಬಿಡುವು ಕೊಡಲೆಂದು ರೋಗಿಯನ್ನು ಕೆಲವು ದಿನ ಇರಿಸಿಕೊಳ್ಳುವ ಜಾಗಗಳು? ಕೇಂದ್ರದ ನ್ಯಾಷನಲ್ ಟ್ರಸ್ಟ್ 'ಸಮರ್ಥ್' ಎಂಬ ಯೋಜನೆಯಲ್ಲಿ ಇದನ್ನು ಮಾಡುತ್ತದೆ. ಆದರೆ ಆ ಟ್ರಸ್ಟಿನ 1999ರ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ. ಎಂಎಸ್ ಅದರ ಹೊರಗೆ. ಒಂದು ಕಾಯ್ದೆ ಬಾಗಿಲು ತೆರೆದಿದೆ, ಇನ್ನೊಂದರಲ್ಲಿ ಹೆಸರೇ ಇಲ್ಲ.

ಕೇಂದ್ರ ಸರ್ಕಾರದ ನೌಕರರಿಗೆ ಒಂದು ಒಳ್ಳೆಯ ಸವಲತ್ತು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅಂಗವೈಕಲ್ಯ ಇರುವ ಅವಲಂಬಿತರನ್ನು ನೋಡಿಕೊಳ್ಳುವ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೇಳಬಹುದು. 2018ರ ಆದೇಶದಲ್ಲಿ ಗಂಡ ಅಥವಾ ಹೆಂಡತಿಯೂ ಸೇರಿದ್ದಾರೆ. ಖಾಸಗಿ ಕಂಪನಿಯಲ್ಲಿ ಇರುವವರಿಗೆ, ದಿನಗೂಲಿಯವರಿಗೆ ಇಂಥದ್ದೇನೂ ಇಲ್ಲ.

40 ಪರ್ಸೆಂಟ್ ಎಂಬ ಹೊಸ್ತಿಲು

ಬಹುತೇಕ ಸವಲತ್ತಿಗೆ 40 ಪರ್ಸೆಂಟ್ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಅದರಿಂದ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಕೈ ಇಲ್ಲದವರಿಗೆ, ಪೋಲಿಯೊ ಆದವರಿಗೆ ಈ ಲೆಕ್ಕ ಒಂದು ಮಟ್ಟಿಗೆ ಸರಿಯಾಗಿ ಕೂರುತ್ತದೆ. ಬಂದು ಹೋಗುವ ಕಾಯಿಲೆಗೆ ಕೂರುವುದಿಲ್ಲ.

ಜಿಲ್ಲಾಸ್ಪತ್ರೆಯ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲುವ ದಿನ ರೋಗಿ ತುಸು ಚೆನ್ನಾಗಿದ್ದರೆ ಅಂಕ ಕಡಿಮೆ. ಬೆಳಗ್ಗೆ ಹತ್ತಕ್ಕೆ ನಡೆದವರು ಮಧ್ಯಾಹ್ನ ಎರಡಕ್ಕೆ ನಡೆಯಲಾಗದೆ ಕೂರುತ್ತಾರೆ. ಬೋರ್ಡು ನೋಡಿದ್ದು ಹತ್ತು ಗಂಟೆಯದನ್ನು. ಸುಸ್ತು, ಮರೆವು, ಮೂತ್ರದ ತೊಂದರೆ ಎದುರು ಕುರ್ಚಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಅಂಗವೈಕಲ್ಯ ಏರುಪೇರಾಗಬಹುದು ಎನಿಸಿದರೆ ಸರ್ಟಿಫಿಕೇಟಿಗೆ ಅವಧಿ ಹಾಕಲು ನಿಯಮದಲ್ಲಿ ಅವಕಾಶವಿದೆ. ಅವಧಿ ಮುಗಿದಾಗ ಮತ್ತೆ ಅದೇ ಸಾಲು, ಮತ್ತೆ ಅದೇ ಆಟೊ ಬಾಡಿಗೆ, ಸಂಗಾತಿಗೆ ಮತ್ತೆ ಒಂದು ದಿನದ ಸಂಬಳ ಕಟ್.

ಇದರ ಪರಿಣಾಮ ಏನು? ನೆರವು ಕೈಗೆ ಸಿಗುವುದು ಕಾಯಿಲೆ ಚೆನ್ನಾಗಿ ಬಲಿತ ಮೇಲೆ. ಆದರೆ ಸಂಗಾತಿ ಕೆಲಸ ಬಿಡುವುದು, ಸಾಲ ಮಾಡುವುದು, ಸ್ನೇಹಿತರನ್ನು ಕಳೆದುಕೊಳ್ಳುವುದು, ಸಂಬಂಧದಲ್ಲಿ ಬಿರುಕು ಬೀಳುವುದು ಎಲ್ಲವೂ ಮೊದಲ ಕೆಲವು ವರ್ಷಗಳಲ್ಲೇ. ರೋಗ ಗೊತ್ತಾದ ದಿನದಿಂದಲೇ ಹೊರೆ ಇದೆ, ನೆರವು ಮಾತ್ರ ಪರ್ಸೆಂಟ್ ತುಂಬುವ ತನಕ ಕಾಯುತ್ತದೆ.

ಹಣ ಯಾರ ಕೈಗೆ, ಯಾವುದಕ್ಕೆ?

ಈ ಭತ್ಯೆಯ ಬಗ್ಗೆ ನಾಲ್ಕು ದನಿಗಳಿವೆ.

ಮೊದಲನೆಯದು ಮನೆಮನೆಯಲ್ಲಿ ಕೇಳುವ ಮಾತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಕರ್ತವ್ಯ, ಅದಕ್ಕೆ ಸರ್ಕಾರ ದುಡ್ಡು ಯಾಕೆ ಕೊಡಬೇಕು? ಈ ಮಾತಿನ ಹಿಂದಿನ ಭಾವನೆಯನ್ನು ತಳ್ಳಿಹಾಕುವ ಹಾಗಿಲ್ಲ. ಎಷ್ಟೋ ಸಂಗಾತಿಗಳೇ ತಮ್ಮನ್ನು ಆರೈಕೆದಾರರು ಎಂದು ಕರೆದರೆ ಒಪ್ಪುವುದಿಲ್ಲ. ಆದರೆ ಕರ್ತವ್ಯ ಎಂದ ಮಾತ್ರಕ್ಕೆ ಅದಕ್ಕೆ ತಗಲುವ ಖರ್ಚು ಇಲ್ಲವಾಗುವುದಿಲ್ಲ. ಬಿಟ್ಟ ಕೆಲಸದ ಸಂಬಳ ಮರಳಿ ಬರುವುದಿಲ್ಲ, ಕಟ್ಟದ ಪಿಎಫ್ ಮುಪ್ಪಿನಲ್ಲಿ ಸಿಗುವುದಿಲ್ಲ.

ಎರಡನೆಯ ದನಿ, ಇದು ಕೆಲಸವೇ, ಹಾಗಾಗಿ ಕೂಲಿಯೂ ಕೂಲಿಯ ಹಾಗಿರಲಿ ಎನ್ನುತ್ತದೆ. ಲೆಕ್ಕ ಹಾಕಿದರೆ 1,000 ರೂಪಾಯಿ ಅಂದರೆ ದಿನಕ್ಕೆ 33 ರೂಪಾಯಿ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ತಿಂಗಳ ಭತ್ಯೆ ಮೂರು ದಿನದ ನರೇಗಾ ಕೂಲಿಗೂ ಸಮನಾಗುವುದಿಲ್ಲ. ಹೋಮ್ ನರ್ಸ್ ಇಡುವ ಮಾತಂತೂ ದೂರ. ಅದನ್ನು ಸರ್ಕಾರವೂ 'ಪ್ರೋತ್ಸಾಹಧನ' ಎಂದೇ ಕರೆದಿದೆ, ಸಂಬಳ ಎಂದಿಲ್ಲ.

ಮೂರನೆಯದು ಅಂಗವಿಕಲರ ಹಕ್ಕುಗಳ ಪರ ನಿಂತವರದು. ಇದನ್ನು ಗಮನವಿಟ್ಟು ಕೇಳಬೇಕು. ಕೇಂದ್ರದ ಕಾಯ್ದೆಯ ಮಾತು ನೋಡಿ: ಆರೈಕೆ ಭತ್ಯೆ ಕೊಡಬೇಕಾದದ್ದು ಹೆಚ್ಚಿನ ಬೆಂಬಲ ಬೇಕಾದ ಅಂಗವಿಕಲರಿಗೆ. ರಾಜ್ಯದ ಘೋಷಣೆಯಲ್ಲಿ ಅದು ಆರೈಕೆದಾರರಿಗೆ. ವ್ಯತ್ಯಾಸ ಸಣ್ಣದಲ್ಲ. ಹಣ ನನ್ನ ಕೈಯಲ್ಲಿದ್ದರೆ ಯಾರ ನೆರವು ಬೇಕು ಎಂದು ನಾನು ಹೇಳಬಹುದು. ಹಣ ಗಂಡನ ಕೈಗೆ ಹೋದರೆ ಅವನು ಸರಿಯಾಗಿ ನೋಡಿಕೊಳ್ಳದಿದ್ದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಬಹುದು. ತವರಿಗೆ ಕಳಿಸಿದ ಹೆಂಡತಿಯ ಹೆಸರಿನಲ್ಲಿ ಗಂಡ ಹಣ ಪಡೆದರೆ? ಅವಳನ್ನು ನಿಜವಾಗಿ ನೋಡಿಕೊಳ್ಳುತ್ತಿರುವ ಅಮ್ಮನಿಗೆ ಅದು ಹೇಗೆ ತಲುಪುತ್ತದೆ? ಆರೈಕೆದಾರರು ಯಾರು ಎಂದು ಹೆಸರು ಹೇಳುವ ಹಕ್ಕು ಕಾಯಿಲೆ ಇರುವವರದೇ ಆಗಿರಬೇಕು, ಬೇಕಾದಾಗ ಬದಲಿಸುವ ಹಕ್ಕೂ ಇರಬೇಕು.

ನಾಲ್ಕನೆಯ ದನಿ, ನಗದಿನ ಬದಲು ಸೇವೆ ಕೊಡಿ ಎನ್ನುತ್ತದೆ. ಮನೆಗೆ ಬರುವ ಫಿಸಿಯೋಥೆರಪಿಸ್ಟ್, ತರಬೇತಿ ಪಡೆದ ಸಹಾಯಕಿ, ಸಂಗಾತಿಗೆ ಆಪ್ತ ಸಲಹೆ. ನನ್ನ ಒಲವು ಈ ಕಡೆಗೆ. ಹೊರೆಯ ಮೂಲ ಬಡತನ ಒಂದೇ ಆಗಿದ್ದರೆ ಹಣ ಸಾಕಾಗುತ್ತಿತ್ತು. ಇಲ್ಲಿ ಮೂಲ ಇರುವುದು ಮೂರು ಕಡೆ: ಮುಂದೇನು ಎಂದು ಗೊತ್ತಿಲ್ಲದಿರುವುದು, ಹೊರಗಿನವರಿಗೆ ಏನೂ ಕಾಣದಿರುವುದು, ಎಲ್ಲವೂ ಒಬ್ಬರ ಮೇಲೇ ಬಿದ್ದಿರುವುದು. ಮೂರನೆಯದಕ್ಕೆ ಮದ್ದು ಇನ್ನೊಂದು ಜೊತೆ ಕೈ. ದಿನಕ್ಕೆ 33 ರೂಪಾಯಿಗಿಂತ, ತಿಂಗಳಿಗೆ ಎರಡು ದಿನ ನಂಬಿಕೆಯ ಒಬ್ಬರು ಮನೆಗೆ ಬಂದು 'ನೀವು ಹೋಗಿ ಬನ್ನಿ, ನಾನಿದ್ದೇನೆ' ಎಂದರೆ ಆ ಸಂಗಾತಿ ಇನ್ನಷ್ಟು ವರ್ಷ ತಾಳಿಕೊಳ್ಳಬಲ್ಲರು.

ಆದರೆ ಸೇವೆ ಕಟ್ಟಲು ವರ್ಷಗಳು ಬೇಕು. ಅಲ್ಲಿಯ ತನಕ ಹಣವೂ ಬೇಡ ಎನ್ನುವುದು ಅನ್ಯಾಯ. ಎರಡೂ ಬೇಕು.

ದುಡ್ಡಿಲ್ಲ ಎನ್ನುವುದು ಎಷ್ಟು ನಿಜ?

ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಎಂಎಸ್ ಇತ್ತು. ಒಂದು ನಗರದ ಲೆಕ್ಕವನ್ನು ಇಡೀ ರಾಜ್ಯಕ್ಕೆ ಹಚ್ಚುವುದು ಒರಟು ಅಂದಾಜು ಅಷ್ಟೇ. ಆದರೂ 2011ರ ಜನಗಣತಿಯ 6.11 ಕೋಟಿ ಜನಕ್ಕೆ ಅದೇ ಪ್ರಮಾಣ ಹಿಡಿದರೆ 5,000 ಆಸುಪಾಸು ಬರುತ್ತದೆ. ಎಲ್ಲರ ಆರೈಕೆದಾರರಿಗೂ ಕೊಟ್ಟರೆ ವರ್ಷಕ್ಕೆ ಸುಮಾರು 6 ಕೋಟಿ ರೂಪಾಯಿ. ಐದು ಪಟ್ಟು ಕೊಟ್ಟರೂ 30 ಕೋಟಿ. 2024-25ರ ರಾಜ್ಯ ಬಜೆಟ್ ಗಾತ್ರ 3.71 ಲಕ್ಷ ಕೋಟಿ. ಬೇರೆ ಕಾಯಿಲೆಗಳ ಕುಟುಂಬಗಳನ್ನು ಸೇರಿಸಿದರೆ ಮೊತ್ತ ಏರುತ್ತದೆ, ನಿಜ. ಆದರೆ ಇದು ಖಜಾನೆ ಖಾಲಿ ಮಾಡುವ ಮೊತ್ತ ಅಲ್ಲ. ಈ ಕುಟುಂಬಗಳ ಸಂಖ್ಯೆ ಸಣ್ಣದು, ಜಿಲ್ಲೆಗೆ ಕೆಲವು ನೂರರ ಒಳಗೆ. ಚದುರಿಕೊಂಡಿರುವುದರಿಂದ ಅವರ ದನಿಯೂ ಸಣ್ಣದು. ತೊಂದರೆ ಇರುವುದು ಅಲ್ಲಿ.

ಹೀಗೇ ಬಿಟ್ಟರೆ

ಸಂಗಾತಿ ಕುಸಿದರೆ ಅದರ ಪೆಟ್ಟು ಮೊದಲು ತಗಲುವುದು ಎಂಎಸ್ ಇರುವವರಿಗೇ. ಈ ಸರಪಳಿ ಹೀಗೆ ಸಾಗುತ್ತದೆ. ಸಂಗಾತಿಗೆ ಬೆನ್ನುನೋವು, ಬಿಪಿ, ನಿದ್ರಾಹೀನತೆ. ತನ್ನ ಡಾಕ್ಟರ ಬಳಿ ಹೋಗುವುದನ್ನು ಮುಂದೂಡುತ್ತಾರೆ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಾಕಿಸಬೇಕಾದ ಇನ್ಫ್ಯೂಷನ್ (ಡ್ರಿಪ್‌ನಲ್ಲಿ ಕೊಡುವ ಔಷಧಿ) ಒಂದು ಸಲ ತಪ್ಪುತ್ತದೆ, ಯಾಕೆಂದರೆ ರಜೆ ಸಿಗಲಿಲ್ಲ. ಔಷಧಿ ತಪ್ಪಿದರೆ ಹೊಸ ದಾಳಿಯ ಅಪಾಯ ಹೆಚ್ಚು. ಹೊಸ ದಾಳಿ ಅಂದರೆ ಇನ್ನಷ್ಟು ಅಂಗವೈಕಲ್ಯ, ಇನ್ನಷ್ಟು ಆರೈಕೆ. ಹಾಸಿಗೆ ಹುಣ್ಣು, ಮೂತ್ರದ ಸೋಂಕು ಇವೆಲ್ಲ ತಡೆಯಬಹುದಾದ ತೊಂದರೆಗಳು. ತಡೆಯುವುದು ಒಂದು ಜೋಡಿ ದಣಿದ ಕೈ. ಆ ಕೈ ಸೋತಾಗ ರೋಗಿ ಐಸಿಯು ಸೇರುತ್ತಾರೆ. ಆಗ ಆಗುವ ಖರ್ಚಿನಲ್ಲಿ ಎಷ್ಟೋ ವರ್ಷಗಳ ಭತ್ಯೆ ಕೊಡಬಹುದಿತ್ತು.

ಮಕ್ಕಳ ವಿಷಯವೂ ಇದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಕಾಯಿಲೆ, ಇನ್ನೊಬ್ಬರು ದಣಿದಿದ್ದಾರೆ ಎಂದಾಗ ಹತ್ತನೇ ಕ್ಲಾಸಿನ ಮಗಳು ಮೆಲ್ಲಗೆ ಮೂರನೇ ಆರೈಕೆದಾರಳಾಗುತ್ತಾಳೆ. ಅವಳಿಗೆ ಯಾವ ಪಟ್ಟಿಯಲ್ಲೂ ಹೆಸರಿಲ್ಲ.

ಈಗಿರುವುದರಲ್ಲೇ ಮಾಡಬಹುದಾದದ್ದು

ಎಲ್ಲಕ್ಕೂ ಹೊಸ ಇಲಾಖೆ ಬೇಕಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ಇದ್ದಾರೆ. ಎಂಎಸ್ ಅಂದರೆ ಏನು ಎಂದು ಇವರಿಗೆ ಅರ್ಧ ದಿನ ತರಬೇತಿ ಕೊಟ್ಟರೆ ಕುಟುಂಬ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಬ್ರೈನ್ ಹೆಲ್ತ್ ಯೋಜನೆಯಲ್ಲಿ ಜಿಲ್ಲೆಗಳಿಗೆ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬರುತ್ತಿವೆ. ಅವುಗಳ ಗಮನ ಮುಖ್ಯವಾಗಿ ಸ್ಟ್ರೋಕ್, ಮೂರ್ಛೆ ರೋಗ, ತಲೆನೋವು, ಡಿಮೆನ್ಷಿಯಾ ಕಡೆಗೆ. ಅಲ್ಲಿಗೆ ಬರುವ ಎಂಎಸ್ ರೋಗಿಯ ಜೊತೆಗಿರುವವರನ್ನೂ ಕೂರಿಸಿ ಮಾತಾಡಿಸಲು ಹೊಸ ಕಟ್ಟಡ ಬೇಡ. ಆರೈಕೆಯ ಹೊರೆ ಅಳೆಯುವ ಜರಿಟ್ ಪ್ರಶ್ನಾವಳಿ ಎಂಬುದು 22 ಪ್ರಶ್ನೆಗಳ ಒಂದು ಹಾಳೆ. ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ವರ್ಷಕ್ಕೊಮ್ಮೆ ಅದನ್ನು ತುಂಬಿಸಿದರೆ ಯಾವ ಮನೆ ಕುಸಿಯುವ ಹಂತದಲ್ಲಿದೆ ಎಂದು ಮುಂಚೆಯೇ ಗೊತ್ತಾಗುತ್ತದೆ.

1985ರಿಂದ ಇರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಗೆ ಬೆಂಗಳೂರಿನಲ್ಲೂ ಶಾಖೆ ಇದೆ. ಬೇರೆ ಸಂಗಾತಿಗಳ ಜೊತೆ ಮಾತಾಡಲು ಅದು ಒಂದು ದಾರಿ.

ಕುಟುಂಬದ ಮಟ್ಟದಲ್ಲಿ ಮೊದಲು ಮಾಡಬೇಕಾದದ್ದು ಯುಡಿಐಡಿಗೆ ಅರ್ಜಿ. ಬೋರ್ಡಿಗೆ ಹೋಗುವಾಗ ಎಂಆರ್‌ಐ ಮತ್ತು ಡಿಸ್ಚಾರ್ಜ್ ಕಾಗದಗಳ ಜೊತೆಗೆ ಎರಡು ವಾರದ ದಿನಚರಿಯನ್ನೂ ಬರೆದು ಒಯ್ಯುವುದು ಒಳ್ಳೆಯದು: ರಾತ್ರಿ ಎಷ್ಟು ಸಲ ಎದ್ದಿರಿ, ಎಷ್ಟು ಸಲ ಬಿದ್ದರು, ಯಾವ ಕೆಲಸಕ್ಕೆ ಯಾರ ಕೈ ಬೇಕಾಯಿತು, ಮಧ್ಯಾಹ್ನದ ಮೇಲೆ ಏನಾಗುತ್ತದೆ. ಬೋರ್ಡು ನೋಡದ ಗಂಟೆಗಳು ಆಗ ಕಾಗದದ ಮೇಲಾದರೂ ಇರುತ್ತವೆ. ಸರ್ಟಿಫಿಕೇಟಿಗೆ ಅವಧಿ ಹಾಕಿದ್ದರೆ ಮುಗಿಯುವ ಮೂರು ತಿಂಗಳ ಮೊದಲೇ ಮರುಪರೀಕ್ಷೆಗೆ ದಿನಾಂಕ ಕೇಳಿ. ಸವಲತ್ತು ನಡುವೆ ನಿಂತರೆ ಮತ್ತೆ ಶುರು ಮಾಡಿಸಲು ಓಡಾಡಬೇಕಾದವರೂ ಆ ದಣಿದ ಸಂಗಾತಿಯೇ ಅಲ್ವಾ.